ಬಾಂಬ್ ಬೀಳದ ಊರಿಗೂ ಯುದ್ಧ ಬಂದಿತ್ತು

ಸಾಗರ ತಾಲೂಕಿನ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ನಮ್ಮೂರ ಹೈಸ್ಕೂಲಿನಲ್ಲಿ ವಿಶಾಖಪಟ್ಟಣದ ಮೇಲೆ ಬಾಂಬ್ ಬಿದ್ದದ್ದರ ಬಗ್ಗೆ ಮಕ್ಕಳಿಂದ ಪ್ರದರ್ಶನ ಮಾಡಿಸಿದ್ದಾರೆ. ಆ ಎರಡನೇ ಮಹಾಯುದ್ಧಕ್ಕೂ ಮಲೆನಾಡಿಗೂ ಏನು ಸಂಬಂಧ? ಕೆಳದಿ ಅರಸರ ಬಗ್ಗೆ ಮಾಡಿಸಬಾರದಿತ್ತೇ?"

ಮೇಷ್ಟ್ರೇ, ಕೆಳದಿಯ ಮೇಲೆ ನನಗೂ ಅಭಿಮಾನವಿದೆ. ಮಕ್ಕಳಿಗೆ ಅದೂ ಗೊತ್ತಿರಬೇಕು, ಸರಿ. ಆದರೆ ಸಂಬಂಧವೇ ಇಲ್ಲ ಅಂದಿರಲ್ಲ, ಅದನ್ನು ಒಪ್ಪಲಾರೆ.

1942ರ ಏಪ್ರಿಲ್ 6ರಂದು ಜಪಾನಿನ ವಿಮಾನಗಳು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬ್ ಹಾಕಿದವು. ಮದರಾಸಿನ ಜನ ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟರು. ಮಾರ್ಚಿನಲ್ಲೇ ರಂಗೂನ್ ಜಪಾನಿನ ಕೈಸೇರಿ ಬರ್ಮಾ ಅಕ್ಕಿ ನಿಂತುಹೋಗಿತ್ತು. ಭತ್ತ ಬೆಳೆಯುವ ನಮಗೇನು ಅಂತೀರಾ? ಅಲ್ಲೇ ಇರೋದು ವಿಷಯ. ಹೊರಗಿನ ಅಕ್ಕಿ ನಿಂತಾಗ ಸರ್ಕಾರದ ಕಣ್ಣು ಬಿದ್ದದ್ದು ರೈತನ ಕಣಜದ ಮೇಲೆ. ಅದೇ ಲೆವಿ, ಸರ್ಕಾರ ರೈತರಿಂದ ಕಡ್ಡಾಯವಾಗಿ ವಸೂಲಿ ಮಾಡುತ್ತಿದ್ದ ಧಾನ್ಯ. ಆ ಹೆಸರೆತ್ತಿದರೆ ಸಾಕು, ನನ್ನ ಅಜ್ಜಿ ಕೊನೆಗಾಲದವರೆಗೂ ಮುಖ ಸಿಂಡರಿಸುತ್ತಿದ್ದರು. ಸೀಮೆಎಣ್ಣೆಗೆ ತತ್ವಾರ. ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಏರು ಬಂದರೆ ಎಲ್ಲರೂ ಇಳಿದು ತಳ್ಳಬೇಕಿತ್ತು ಅಂತ ಅಜ್ಜಿ ಹೇಳುತ್ತಿದ್ದರು. ಅಷ್ಟೇ ಅಲ್ಲ, ಬರ್ಮಾದ ಕಾಡಿನಲ್ಲಿ ಹೋರಾಡುವುದನ್ನು ಸೈನಿಕರಿಗೆ ಕಲಿಸುವ ಶಾಲೆ ಇದ್ದದ್ದು ನಮ್ಮ ಶಿವಮೊಗ್ಗದಲ್ಲೇ!

ಈಸೂರನ್ನೂ ನೆನೆಸಿಕೊಳ್ಳಿ. ನಮ್ಮನ್ನು ಕೇಳದೆ ಯುದ್ಧಕ್ಕೆ ಎಳೆದರು ಅನ್ನೋ ಸಿಟ್ಟು ಕ್ವಿಟ್ ಇಂಡಿಯಾ ಚಳವಳಿಯ ಹಿಂದಿತ್ತು. ಆ ಕಾವು ಶಿಕಾರಿಪುರದ ಈ ಹಳ್ಳಿಯನ್ನೂ ಮುಟ್ಟಿತು. ಚಳವಳಿಗೆ ಇಳಿದ ಈಸೂರಿನ ಐವರನ್ನು 1943ರ ಮಾರ್ಚಿನಲ್ಲಿ ಗಲ್ಲಿಗೇರಿಸಿದರು. ವಿಶಾಖಪಟ್ಟಣದ ಬಾಂಬಿಗೂ ಈಸೂರಿನ ಗಲ್ಲಿಗೂ ನಡುವೆ ಒಂದು ವರ್ಷವೂ ಇಲ್ಲ, ಮೇಷ್ಟ್ರೇ.

ನನ್ನ ಸಂಕಟ ಬೇರೆಯೇ ಇದೆ. ಶಿವಮೊಗ್ಗದ ಶಿವಪ್ಪನಾಯಕನ ಅರಮನೆಗೆ ಹೋದರೆ ವಿಗ್ರಹಗಳಿವೆ, ಶಾಸನಗಳಿವೆ. ಕೆಳದಿಯ ಸಂಗ್ರಹಾಲಯದಲ್ಲಿ ತಾಳೆಗರಿಗಳಿವೆ. ಇವೆಲ್ಲ ಬೇಕು. ಆದರೆ ಲೆವಿ ಚೀಟಿ, ರೇಷನ್ ಕಾರ್ಡು, ದಂಡಿನಿಂದ ಮನೆಗೆ ಬರೆದ ಕಾಗದ ಎಲ್ಲಿವೆ? ಹಳೇ ಮನೆ ಕೆಡವುವಾಗ ಎಲ್ಲವೂ ಗುಜರಿಗೆ ಹೋಗುತ್ತವೆ. ಕದಂಬರ ಇಸವಿ ಬಾಯಿಪಾಠ ಹೇಳುವ ಹುಡುಗನಿಗೆ ತನ್ನ ಮುತ್ತಜ್ಜ ಆ ಯುದ್ಧಕಾಲದಲ್ಲಿ ಏನು ಉಂಡ ಅನ್ನೋದು ಗೊತ್ತಿಲ್ಲ. ಹೇಳಬಲ್ಲವರಿಗೆ ಈಗ ತೊಂಬತ್ತು ದಾಟಿದೆ. ಇನ್ನು ಯಾವಾಗ ಕೇಳೋದು?

ನೀವು ಮಕ್ಕಳಿಗೆ ಪಾಠ ಹೇಳಿದವರು, ನಿಮ್ಮ ಮಾತಿಗೆ ಊರಲ್ಲಿ ಬೆಲೆ ಇದೆ. ಆ ಶಾಲೆಗೆ ಇನ್ನೊಮ್ಮೆ ಹೋಗಿ. ಮುಂದಿನ ಸಲ ವಿಶಾಖಪಟ್ಟಣದ ಪಕ್ಕದಲ್ಲೇ ಸಾಗರದ ಮೇಜೂ ಒಂದಿರಲಿ ಅನ್ನಿ. ನಿಮ್ಮ ಅಟ್ಟದ ಮೇಲಿನ ಪೆಟ್ಟಿಗೆಯಿಂದಲೇ ಶುರುಮಾಡಬಹುದು.