ಬೆಳಿಗ್ಗೆ ಹಡಗಿನಿಂದ ಇಳಿದು ರಾತ್ರಿ ವಿಮಾನ ಹತ್ತಬೇಕು: ಮುಂಬೈನಲ್ಲಿ ಸಾಮಾನು ಎಲ್ಲಿಡಬೇಕು, ಹೊತ್ತು ಹೇಗೆ ಕಳೆಯಬೇಕು?

ನೀವು ಕೇಳಿದ್ದು ಇದು: ಸಿಂಧನೂರಿನಿಂದ ಐದು ಜನ ಹೊರಟಿದ್ದೀರಿ. ಅವರಲ್ಲಿ ಒಬ್ಬರು ಎಪ್ಪತ್ತು ದಾಟಿದ, ಮೊಣಕಾಲು ನೋವಿರುವ ತಾಯಿ, ಇನ್ನೊಬ್ಬ ಎಂಟು ವರ್ಷದ ಮಗ. ಗೋವಾಕ್ಕೆ ಹೋಗಿಬರುವ ಕ್ರೂಸ್ ಹಡಗು ಬೆಳಿಗ್ಗೆ ಮುಂಬೈ ಸೇರುತ್ತದೆ, ಹೈದರಾಬಾದ್ ವಿಮಾನ ಇರುವುದು ರಾತ್ರಿ ಹತ್ತೂವರೆಗೆ. ದೊಡ್ಡ ಬ್ಯಾಗುಗಳನ್ನು ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್) ರೈಲು ನಿಲ್ದಾಣದ ಕ್ಲೋಕ್ ರೂಮಿನಲ್ಲಿಟ್ಟು, ದಿನವಿಡೀ ಊರು ನೋಡಿ, ಸಂಜೆ ಬ್ಯಾಗು ತೆಗೆದುಕೊಂಡು ವಿಮಾನ ನಿಲ್ದಾಣಕ್ಕೆ ಹೋಗಬಹುದೇ?

ಹಾಗೆ ಮಾಡಬೇಡಿ ಎಂಬುದೇ ನನ್ನ ಉತ್ತರ. ನಾನು ರಾಯಚೂರಿನವನು, ಕೆಲಸದ ನಿಮಿತ್ತ ವರ್ಷಗಟ್ಟಲೆ ಮುಂಬೈನಲ್ಲಿದ್ದು ಊರಿಗೆ ಮರಳಿದವನು. ನಮ್ಮ ಬಳಗದಲ್ಲಿ ಯಾರೇ ಆ ಕಡೆ ಹೊರಟರೂ ಅವರಿಗೆ ಮೊದಲು ಹೇಳುವ ಮಾತನ್ನೇ ನಿಮಗೂ ಹೇಳುತ್ತೇನೆ: ಹೊರಟ ಜಾಗದ ಹತ್ತಿರ ಸಾಮಾನು ಇಡಬೇಡಿ, ಕೊನೆಗೆ ತಲುಪಬೇಕಾದ ಜಾಗದ ಹತ್ತಿರ ಇಡಿ. ಬ್ಯಾಗಿಗಾಗಿ ಹಿಂದಕ್ಕೆ ಬರುವ ಪ್ರಮೇಯವೇ ಇರಬಾರದು.

ಕಾರಣ ಆ ಊರಿನ ಆಕಾರದಲ್ಲೇ ಇದೆ. ಹಡಗು ಬಂದು ನಿಲ್ಲುವ ಬ್ಯಾಲಾರ್ಡ್ ಪಿಯರ್ ಇರುವುದು ದಕ್ಷಿಣದ ತುದಿಯಲ್ಲಿ. ಮುಂಬೈನ ಹಳೆಯ ವಿಮಾನ ನಿಲ್ದಾಣ (ಹೊಸದರ ಮಾತು ಮುಂದೆ ಬರುತ್ತದೆ) ಅಲ್ಲಿಂದ ಉತ್ತರಕ್ಕೆ ಸುಮಾರು 25 ಕಿ.ಮೀ. ದೂರ. ಬೆಳಿಗ್ಗೆ ಊರೆಲ್ಲ ದಕ್ಷಿಣದ ಕಚೇರಿಗಳ ಕಡೆಗೆ ಹರಿಯುತ್ತದೆ, ಸಂಜೆ ಐದಾದ ಮೇಲೆ ಅದೇ ಜನಸಾಗರ ಉತ್ತರಕ್ಕೆ ತಿರುಗುತ್ತದೆ. ಸಂಜೆ ಆರಕ್ಕೆ ಸಿಎಸ್‌ಎಂಟಿಯಲ್ಲಿ ಬ್ಯಾಗು ಬಿಡಿಸಿಕೊಂಡು ಟ್ಯಾಕ್ಸಿ ಹತ್ತಿದರೆ ನೀವೂ ಅದೇ ಪ್ರವಾಹದ ನಡುವೆ ಸಿಲುಕುತ್ತೀರಿ. ಬೆಳಗಿನ ಹೊತ್ತು ಒಂದು ಗಂಟೆಯೊಳಗೆ ಮುಗಿಯುವ ದಾರಿ ಆಗ ಎರಡು ಗಂಟೆ ನುಂಗಬಹುದು. ಮೊಣಕಾಲು ಮಡಚಿ ಅಷ್ಟು ಹೊತ್ತು ಕಾರಿನಲ್ಲಿ ಕೂರುವುದು ತಾಯಿಯವರಿಗೆ ಶಿಕ್ಷೆ. ಹಾಗಾಗಿ ಮಧ್ಯಾಹ್ನದ ಹೊತ್ತಿಗೆ ಸಾಮಾನಿನ ಸಮೇತ ಉತ್ತರಕ್ಕೆ ಸರಿದುಬಿಡುವುದು ಜಾಣತನ.

ಕ್ಲೋಕ್ ರೂಮಿಗೆ ಇನ್ನೊಂದು ತೊಡಕಿದೆ. ಅದು ರೈಲು ಪ್ರಯಾಣಿಕರಿಗಾಗಿ ಇರುವ ಸೌಲಭ್ಯ. ಪ್ರಯಾಣದ ಟಿಕೆಟ್ ಮತ್ತು ಗುರುತಿನ ಚೀಟಿ ಕೇಳುತ್ತಾರೆ. ಬೀಗ ಹಾಕದ ಬ್ಯಾಗನ್ನು ತೆಗೆದುಕೊಳ್ಳುವುದೇ ಇಲ್ಲ. ವಿಮಾನದ ಟಿಕೆಟ್ ಹಿಡಿದು ಆ ಕಿಟಕಿಯ ಮುಂದೆ ನಿಂತು ವಾದ ಮಾಡುವ ಹೊತ್ತು ನಿಮ್ಮ ಬಳಿ ಇರುವುದಿಲ್ಲ. ಈ ಉತ್ತರ ಓದುವ ಬೇರೆಯವರು ರೈಲಿನಲ್ಲಿ ಮರಳುವುದಾದರೆ ಮಾತ್ರ ಲೆಕ್ಕ ಪೂರ್ತಿ ಬದಲಾಗುತ್ತದೆ. ಸಿಎಸ್‌ಎಂಟಿಯಿಂದ ರಾತ್ರಿ ಹೊರಡುವ ಚೆನ್ನೈ ಮೇಲ್ ರಾಯಚೂರಿನ ಮೇಲೆಯೇ ಹೋಗುತ್ತದೆ. ಕೊಪ್ಪಳದವರಿಗೆ ಅಲ್ಲಿಂದಲೇ ಹೊಸಪೇಟೆ ಎಕ್ಸ್‌ಪ್ರೆಸ್ ಇದೆ. ಬ್ಯಾಲಾರ್ಡ್ ಪಿಯರ್‌ಗೂ ಆ ನಿಲ್ದಾಣಕ್ಕೂ ಕೂಗಳತೆಯ ದೂರ. ಅಂಥವರಿಗೆ ಕ್ಲೋಕ್ ರೂಮಿಗಿಂತ ಒಳ್ಳೆಯ ಜಾಗ ಇಲ್ಲ, ಏಕೆಂದರೆ ಅವರು ಕೊನೆಗೆ ತಲುಪಬೇಕಾದದ್ದೂ ಅದೇ ಜಾಗ.

ಎಲ್ಲಕ್ಕಿಂತ ಮೊದಲು ನಿಮ್ಮ ವಿಮಾನದ ಟಿಕೆಟ್ ತೆರೆದು ನಿಲ್ದಾಣದ ಹೆಸರು ನೋಡಿ. 2025ರ ಡಿಸೆಂಬರ್‌ನಿಂದ ನವಿ ಮುಂಬೈ ವಿಮಾನ ನಿಲ್ದಾಣವೂ ಕೆಲಸ ಆರಂಭಿಸಿದೆ. ಟಿಕೆಟ್‌ನಲ್ಲಿ ‘ಬಿಒಎಂ’ ಎಂದಿದ್ದರೆ ಹಳೆಯ ನಿಲ್ದಾಣ, ‘ಎನ್‌ಎಂಐ’ ಎಂದಿದ್ದರೆ ಹೊಸದು. ಎರಡೂ ಬೇರೆ ಬೇರೆ ದಿಕ್ಕು. ಹಳೆಯದಾದರೆ ಟಿ1 ಅಥವಾ ಟಿ2, ಯಾವ ಟರ್ಮಿನಲ್ ಎಂಬುದನ್ನೂ ಗುರುತು ಹಾಕಿಕೊಳ್ಳಿ. ಒಂದರಿಂದ ಇನ್ನೊಂದಕ್ಕೆ ಹೋಗಲು ಮತ್ತೆ ರಸ್ತೆಗೆ ಇಳಿಯಬೇಕು. ಮುಂದೆ ನಾನು ಹೇಳುವುದು ಹಳೆಯ ನಿಲ್ದಾಣವನ್ನು ಮನಸ್ಸಿನಲ್ಲಿಟ್ಟುಕೊಂಡು.

ಸಾಮಾನಿನ ಕೆಲಸ ಶುರುವಾಗುವುದು ಮುಂಬೈನಲ್ಲಿ ಅಲ್ಲ, ಹಡಗಿನ ಕೊನೆಯ ರಾತ್ರಿ. ಸಾಮಾನ್ಯವಾಗಿ ಕ್ರೂಸ್‌ಗಳಲ್ಲಿ ದೊಡ್ಡ ಬ್ಯಾಗಿಗೆ ಚೀಟಿ ಕಟ್ಟಿ ರಾತ್ರಿಯೇ ಕೋಣೆಯ ಹೊರಗಿಡಲು ಹೇಳುತ್ತಾರೆ. ಸಿಬ್ಬಂದಿ ಅದನ್ನು ಒಯ್ಯುತ್ತಾರೆ, ಬೆಳಿಗ್ಗೆ ನೀವು ಟರ್ಮಿನಲ್‌ನಲ್ಲಿ ಗುರುತಿಸಿ ಎತ್ತಿಕೊಳ್ಳಬೇಕು. ಹೊರಗಿಟ್ಟ ಬ್ಯಾಗು ಮತ್ತೆ ಕೈಗೆ ಸಿಗುವುದು ದಡದಲ್ಲೇ. ಆದ್ದರಿಂದ ಎಲ್ಲರ ಆಧಾರ್ ಕಾರ್ಡು, ತಾಯಿಯವರ ಮಾತ್ರೆ, ಮೊಬೈಲ್ ಚಾರ್ಜರ್, ಬೆಳಿಗ್ಗೆ ತೊಡುವ ಬಟ್ಟೆ, ಚಪ್ಪಲಿ ಇವೆಲ್ಲ ಕೈಚೀಲದಲ್ಲೇ ಉಳಿಯಬೇಕು. ನಮ್ಮ ಬೀದಿಯ ಒಂದು ಕುಟುಂಬ ಬಟ್ಟೆಯನ್ನೆಲ್ಲ ತುಂಬಿ ಹೊರಗಿಟ್ಟು, ಮನೆಯ ಯಜಮಾನರು ಬೆಳಿಗ್ಗೆ ಲುಂಗಿ ಬನಿಯನ್‌ನಲ್ಲೇ ತಿಂಡಿಗೆ ಹೋಗಬೇಕಾಯಿತು. ಈಜುಕೊಳದಲ್ಲಿ ನೆನೆದ ಬಟ್ಟೆಗೆ ಬೇರೆ ಪ್ಲಾಸ್ಟಿಕ್ ಚೀಲ ಇರಲಿ, ಇಲ್ಲದಿದ್ದರೆ ಸಂಜೆಯ ಹೊತ್ತಿಗೆ ಇಡೀ ಬ್ಯಾಗು ಮುಗ್ಗುಲು ವಾಸನೆ ಹೊಡೆಯುತ್ತದೆ.

ಟರ್ಮಿನಲ್‌ನಲ್ಲಿ ಸಾಲಾಗಿ ನಿಲ್ಲಿಸಿದ ನೂರಾರು ಬ್ಯಾಗುಗಳಲ್ಲಿ ಮುಕ್ಕಾಲು ಪಾಲು ಕಪ್ಪು ಅಥವಾ ನೀಲಿ. ಹಳೆಯ ಇಳಕಲ್ ಸೀರೆಯ ಕೆಂಪು ಅಂಚನ್ನು ಗೇಣುದ್ದ ಕತ್ತರಿಸಿ ಪ್ರತಿ ಬ್ಯಾಗಿನ ಹಿಡಿಗೆ ಬಿಗಿಯಾಗಿ ಗಂಟು ಹಾಕಿ. ನಮ್ಮ ಮನೆಯಲ್ಲಿ ಇದೇ ರೂಢಿ. ದೂರದಿಂದಲೇ ಕಣ್ಣಿಗೆ ಬೀಳುತ್ತದೆ, ಹುಡುಗನೂ ಓಡಿಹೋಗಿ ಗುರುತಿಸುತ್ತಾನೆ, ಹೈದರಾಬಾದಿನ ಬೆಲ್ಟಿನ ಮೇಲೂ ಅದೇ ಗುರುತು ನೆರವಿಗೆ ಬರುತ್ತದೆ.

ತಾಯಿಯವರಿಗೆ ಗಾಲಿಕುರ್ಚಿ ಬೇಕೆಂದು ಹಡಗಿನ ಸ್ವಾಗತ ಕೌಂಟರಿನಲ್ಲಿ ಹಿಂದಿನ ದಿನವೇ ಹೇಳಿಡಿ. ವಿಮಾನ ಸಂಸ್ಥೆಗೂ ಕನಿಷ್ಠ 48 ಗಂಟೆ ಮೊದಲೇ ತಿಳಿಸಿ. ಇಳಿಯುವ ಸರದಿಯಲ್ಲಿ ಮೊದಲ ಗುಂಪಿಗೆ ಮುಗಿಬೀಳಬೇಡಿ. ಹೇಗೂ ನಿಮಗೆ ಇಡೀ ದಿನ ಇದೆ. ಹಡಗಿನಲ್ಲೇ ನಿಧಾನವಾಗಿ ತಿಂಡಿ ತಿಂದು ಕೊನೆಯ ಗುಂಪಿನಲ್ಲಿ ಇಳಿದರೆ ನೂಕುನುಗ್ಗಲು ತಪ್ಪುತ್ತದೆ.

ಇನ್ನು ಇಳಿದ ಮೇಲಿನ ಮಾತು. ನಿಮ್ಮ ಸ್ಥಿತಿಯಲ್ಲಿ ನಾನಾಗಿದ್ದರೆ ಎರಡು ಕೆಲಸ ಮುಂಚೆಯೇ ಮಾಡುತ್ತಿದ್ದೆ. ಒಂದು, ನಾಲ್ಕು ಗಂಟೆ, ನಲವತ್ತು ಕಿ.ಮೀ. ಲೆಕ್ಕದ ಬಾಡಿಗೆಗೆ ಒಂದು ದೊಡ್ಡ ಕಾರು ಗೊತ್ತು ಮಾಡುವುದು. ಮೂರನೇ ಸಾಲಿನ ಸೀಟು ಮಡಚಿದರೆ ಐದು ಬ್ಯಾಗು ಹಿಡಿಯಬೇಕು. ಸಣ್ಣ ಕಾರಿನಲ್ಲಿ ಐದು ಜನ, ಐದು ಬ್ಯಾಗು ಎಂದರೆ ಆಗದ ಮಾತು. ಎರಡು, ವಿಮಾನ ನಿಲ್ದಾಣದ ಹತ್ತಿರ, ಅಂಧೇರಿ ಪೂರ್ವ ಅಥವಾ ವಿಲೆ ಪಾರ್ಲೆ ಭಾಗದಲ್ಲಿ, ಹಗಲಿನ ಮಟ್ಟಿಗೆ ಒಂದು ಹೋಟೆಲ್ ಕೋಣೆ ಹಿಡಿಯುವುದು. ಹಗಲು ಬಾಡಿಗೆಗೆ ಕೋಣೆ ಕೊಡುವ ಹೋಟೆಲುಗಳು ಅಲ್ಲಿ ಬೇಕಾದಷ್ಟಿವೆ. ಐದು ಜನರ ಖರ್ಚಿನಲ್ಲಿ ಇದೊಂದು ಹೆಚ್ಚಿನ ಹೊರೆ ಎಂದು ನಿಮ್ಮ ಮನೆಯಲ್ಲಿ ಯಾರಾದರೂ ಗೊಣಗಬಹುದು. ಗೊಣಗಲಿ ಬಿಡಿ. ವಯಸ್ಸಾದವರಿಗೆ ಹಾಸಿಗೆಯ ಮೇಲೆ ಕಾಲು ಚಾಚಿ ಮಲಗಲು, ಸ್ವಚ್ಛವಾದ ಶೌಚಾಲಯ ಬಳಸಲು, ಸ್ನಾನ ಮಾಡಿ ಬಟ್ಟೆ ಬದಲಿಸಲು ಸಿಗುವ ಆ ಮೂರು ತಾಸು ಇಡೀ ಪ್ರವಾಸದ ನೆನಪನ್ನೇ ಬದಲಿಸಿಬಿಡುತ್ತದೆ. ಇಲ್ಲಿ ಉಳಿಸಿದ ಹಣಕ್ಕೆ ಊರಿಗೆ ಬಂದ ಮೇಲೆ ಮೊಣಕಾಲು ಬಡ್ಡಿ ಕೇಳುತ್ತದೆ.

ಕಾರಿನಲ್ಲಿ ಸಾಮಾನು ಇರುವಾಗ ಒಂದೇ ಜಾಗ ನೋಡಿ, ಹೆಚ್ಚೆಂದರೆ ಎರಡು. ಗುಹೆಗಳಿರುವ ಎಲಿಫೆಂಟಾ ದ್ವೀಪವನ್ನು ಈ ಸಲ ಬಿಟ್ಟುಬಿಡಿ. ದೋಣಿಯಲ್ಲಿ ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ, ನಡುವೆ ಹತ್ತುವ ಮೆಟ್ಟಿಲು. ಸೋಮವಾರವಂತೂ ಬಾಗಿಲೇ ತೆರೆಯುವುದಿಲ್ಲ. ಗೇಟ್‌ವೇ ಆಫ್ ಇಂಡಿಯಾ ಮುಂದೆ ಫೋಟೊ ತೆಗೆಸಿಕೊಳ್ಳಲು ಅರ್ಧ ಗಂಟೆ ಸಾಕು. ಅಲ್ಲಿಂದ ಕೆಲವೇ ನಿಮಿಷದ ದೂರದಲ್ಲಿರುವ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯಕ್ಕೆ ಉಳಿದ ಹೊತ್ತು ಕೊಡಿ. ಅದು 1922ರಿಂದ ಜನರಿಗೆ ತೆರೆದಿರುವ ಜಾಗ. ನೆರಳು, ಕೂರಲು ಜಾಗ, ಶೌಚಾಲಯ ಎಲ್ಲ ಇವೆ, ಮಕ್ಕಳಿಗೆ ನೋಡಲು ಪ್ರಾಣಿಪಕ್ಷಿಗಳ ವಿಭಾಗವಿದೆ. ನಮ್ಮ ಕಡೆಯವರು ಅಲ್ಲಿ ತಪ್ಪದೆ ನೋಡಬೇಕಾದದ್ದು ಶಿಲ್ಪ ವಿಭಾಗದಲ್ಲಿರುವ, ಐಹೊಳೆಯಿಂದ ಹೋದ ಬಾದಾಮಿ ಚಾಲುಕ್ಯರ ಕಾಲದ ಛಾವಣಿ ಫಲಕಗಳು. ಗುಡಿಯ ಛಾವಣಿಯಲ್ಲಿದ್ದಾಗ ಕತ್ತು ಎತ್ತಿ ನೋಡಬೇಕಾಗಿದ್ದ ಬ್ರಹ್ಮ ಅಲ್ಲಿ ನಿಮ್ಮ ಮುಂದೆಯೇ ಇದ್ದಾನೆ. ಸುತ್ತ ನಿಂತ ಋಷಿಗಳ ಜಡೆಯ ಎಳೆಗಳನ್ನೂ ಹತ್ತಿರದಿಂದ ನೋಡಬಹುದು. ಅದನ್ನು ನೋಡಿದಾಗಲೆಲ್ಲ ಇದು ಐಹೊಳೆಯಲ್ಲೇ ಇರಬೇಕಿತ್ತು ಎಂದು ನನ್ನ ಕರುಳು ಚುರುಕ್ ಎನ್ನುತ್ತದೆ. ಆದರೂ ನೋಡದೆ ಬರಬೇಡಿ.

ಚಾಲಕನ ಫೋನ್ ಸಂಖ್ಯೆ, ಕಾರಿನ ನಂಬರ್ ಫಲಕದ ಫೋಟೊ ನಿಮ್ಮ ಮೊಬೈಲಿನಲ್ಲಿರಲಿ. ಆ ಭಾಗದಲ್ಲಿ ನಿಲುಗಡೆಗೆ ಜಾಗ ಸಿಗುವುದು ಕಷ್ಟ, ಆತ ಎಲ್ಲೋ ನಿಲ್ಲಿಸಿ ಕರೆದಾಗ ಬರುತ್ತಾನೆ. ಒಡವೆ, ನಗದು, ಕಾಗದಪತ್ರ ಮಾತ್ರ ಕಾರಿನಲ್ಲಿ ಬಿಡಬೇಡಿ.

ಊಟಕ್ಕೆ ಮಾಟುಂಗಾಕ್ಕೆ ಬನ್ನಿ. ವಿಮಾನ ನಿಲ್ದಾಣದ ದಾರಿಯಲ್ಲೇ ಸಿಗುತ್ತದೆ. ಹಡಗಿನ ಊಟದ ಮೇಲೆ ಬಿಸಿ ಅನ್ನ ಸಾರು ಬೇಕೆನಿಸಿರುತ್ತದೆ, ಕನ್ನಡವೂ ಕಿವಿಗೆ ಬೀಳುತ್ತದೆ. ಮಾಟುಂಗಾ ರೈಲು ನಿಲ್ದಾಣದ ಬಳಿಯ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಬಾಳೆಲೆ ಊಟಕ್ಕೆ ಹೆಸರಾದದ್ದು. ಸೋಮವಾರ ರಜೆ, ಶನಿವಾರ ಭಾನುವಾರ ಸಾಲು ಉದ್ದ. ಅದು ಮೊದಲ ಮಹಡಿಯಲ್ಲಿದೆ ಎಂಬುದು ತಾಯಿಯವರ ದೃಷ್ಟಿಯಿಂದ ಮುಖ್ಯ. ಮೆಟ್ಟಿಲು ಹತ್ತಲಾಗದಿದ್ದರೆ ಕಿಂಗ್ಸ್ ಸರ್ಕಲ್ ಸುತ್ತ ನೆಲಮಹಡಿಯಲ್ಲೇ ಇರುವ ಉಡುಪಿ ಹೋಟೆಲುಗಳಿಗೆ ಹೋಗಿ. ಊಟ ಮುಗಿಸಿ ಮೂರು ಗಂಟೆಯೊಳಗೆ ಕೋಣೆ ಸೇರಿಕೊಂಡರೆ ಸಂಜೆಯ ವಾಹನ ದಟ್ಟಣೆ ನಿಮ್ಮನ್ನು ಮುಟ್ಟುವುದೇ ಇಲ್ಲ.

ಕೋಣೆ ಬೇಡ, ಗಟ್ಟಿಮುಟ್ಟಾದವರಷ್ಟೇ ಇದ್ದೇವೆ ಎನ್ನುವವರಿಗೆ ಇನ್ನೊಂದು ದಾರಿ ಇದೆ. 2025ರ ಅಕ್ಟೋಬರ್‌ನಲ್ಲಿ ಪೂರ್ತಿಯಾಗಿ ತೆರೆದ ಮೆಟ್ರೊ 3 ಮಾರ್ಗ ನೆಲದಡಿಯಲ್ಲೇ ಸಿಎಸ್‌ಎಂಟಿಯಿಂದ ವಿಮಾನ ನಿಲ್ದಾಣದ ಟಿ1, ಟಿ2 ಎರಡಕ್ಕೂ ಹೋಗುತ್ತದೆ. ರಸ್ತೆಯ ಗೋಜಿಲ್ಲ, ಲಿಫ್ಟ್‌ಗಳಿವೆ. ಬೆಳಿಗ್ಗೆಯೇ ಸಾಮಾನು ಒಯ್ದು ಟಿ2ರಲ್ಲಿ ಹಣ ಕೊಟ್ಟು ಇಡುವ ಕೇಂದ್ರದಲ್ಲಿಟ್ಟು, ಬರಿಗೈಯಲ್ಲಿ ಮತ್ತೆ ಮೆಟ್ರೊದಲ್ಲೇ ಊರಿಗೆ ಮರಳಬಹುದು. ವಯಸ್ಸಾದವರಿಗೆ ಇದನ್ನು ನಾನು ಹೇಳುವುದಿಲ್ಲ, ಅಷ್ಟು ಹತ್ತಿಳಿಯುವುದು ಅವರಿಗೆ ಆಗದು.

ಬ್ಯಾಗನ್ನು ಬೆಳಿಗ್ಗೆಯೇ ವಿಮಾನ ಸಂಸ್ಥೆಯ ಕೌಂಟರಿಗೆ ಒಪ್ಪಿಸಿಬಿಡೋಣ ಎಂದು ಹೊರಡಬೇಡಿ. ಹೊರಡುವ ಹೊತ್ತಿಗೆ ಕೆಲವೇ ಗಂಟೆ ಉಳಿದಾಗ ಮಾತ್ರ ಅವರು ಸಾಮಾನು ತೆಗೆದುಕೊಳ್ಳುತ್ತಾರೆ. ಎಷ್ಟು ಮೊದಲು ತೆಗೆದುಕೊಳ್ಳುತ್ತೀರಿ ಎಂದು ನಿಮ್ಮ ಸಂಸ್ಥೆಗೆ ಫೋನ್ ಮಾಡಿ ಕೇಳಿ. ಹತ್ತೂವರೆಯ ವಿಮಾನಕ್ಕೆ ಗಾಲಿಕುರ್ಚಿಯ ಸಮೇತ ಏಳೂವರೆ ಎಂಟರೊಳಗೆ ಟರ್ಮಿನಲ್ ಬಾಗಿಲಲ್ಲಿದ್ದರೆ ಸಾಕು.

ತೂಕದ ಮಾತೊಂದು ಉಳಿಯಿತು. ಹಡಗಿನಲ್ಲಿ ಬ್ಯಾಗಿನ ತೂಕ ಯಾರೂ ಅಷ್ಟಾಗಿ ನೋಡುವುದಿಲ್ಲ, ವಿಮಾನದಲ್ಲಿ ಹಾಗಲ್ಲ. ಬಹುತೇಕ ದೇಶೀಯ ಟಿಕೆಟ್‌ಗಳಲ್ಲಿ ಒಬ್ಬರಿಗೆ 15 ಕೆ.ಜಿ., ಕೈಚೀಲಕ್ಕೆ 7 ಕೆ.ಜಿ. ಅಷ್ಟೆ. ಗೋವಾದಲ್ಲಿ ಗೇರುಬೀಜ ಕೊಳ್ಳುವಾಗಲೇ ಇದು ನೆನಪಿರಲಿ. ಊರಿನಿಂದ ಒಯ್ದ ಖಾರದ ಪುಡಿ, ಉಪ್ಪಿನಕಾಯಿ ಉಳಿದಿದ್ದರೆ ದೊಡ್ಡ ಬ್ಯಾಗಿಗೆ ಹಾಕಿ. ಕೈಚೀಲದಲ್ಲಿ ಸಿಕ್ಕರೆ ತಪಾಸಣೆಯಲ್ಲಿ ತೆಗೆದಿಡುತ್ತಾರೆ. ಪವರ್ ಬ್ಯಾಂಕ್ ಇದಕ್ಕೆ ತದ್ವಿರುದ್ಧ, ಅದು ಕೈಚೀಲದಲ್ಲೇ ಇರಬೇಕು. ಒಣಕೊಬ್ಬರಿಗೆ ಎಣ್ಣೆಯಿಂದಾಗಿ ಬೇಗ ಬೆಂಕಿ ಹತ್ತುತ್ತದೆ ಎಂದು ದೊಡ್ಡ ಬ್ಯಾಗಿನಲ್ಲಿ ಬಿಡುವುದಿಲ್ಲ. ಈ ಅದಲುಬದಲು ಕೆಲಸವನ್ನು ಹೋಟೆಲ್ ಕೋಣೆಯಲ್ಲೇ ಮುಗಿಸಿ, ಕೌಂಟರಿನ ಮುಂದೆ ಬ್ಯಾಗು ಬಿಚ್ಚಿ ಕೂರಬೇಡಿ.

ಟಿಕೆಟ್ ನವಿ ಮುಂಬೈನದ್ದಾದರೆ ಬೆಳಗಿನ ಭಾಗ ಹಾಗೆಯೇ ಇರಲಿ. ಕೋಣೆಯನ್ನು ಮಾತ್ರ ಬೇಲಾಪುರ ಅಥವಾ ಪನ್ವೇಲ್ ಕಡೆ ಹಿಡಿದು, ಶಿವಡಿಯಿಂದ ಅಟಲ್ ಸೇತು ಹತ್ತಿ ಹೋಗಿ. 2024ರ ಜನವರಿಯಲ್ಲಿ ತೆರೆದ, 21.8 ಕಿ.ಮೀ. ಉದ್ದದ ಆ ಸೇತುವೆಯ ಬಹುಪಾಲು ಸಮುದ್ರದ ಮೇಲೆಯೇ ಇದೆ. ಹುಡುಗನಿಗೆ ಕಿಟಕಿಯ ಪಕ್ಕದ ಸೀಟು ಕೊಡಿ. ಟೋಲ್ ದುಬಾರಿ, ಬಾಡಿಗೆ ಮಾತನಾಡುವಾಗಲೇ ಅದು ಸೇರಿದೆಯೇ ಎಂದು ಕೇಳಿಕೊಳ್ಳಿ.

ಕೊನೆಗೆ ಶಂಷಾಬಾದ್, ಅಂದರೆ ಹೈದರಾಬಾದಿನ ವಿಮಾನ ನಿಲ್ದಾಣ. ಬ್ಯಾಗು ಕೈಗೆ ಬಂದು ಹೊರಗೆ ಬರುವಾಗ ನಡುರಾತ್ರಿ ದಾಟಿರುತ್ತದೆ. ಅಲ್ಲಿಂದ ಜಡ್ಚರ್ಲಾ, ಮಹಬೂಬ್‌ನಗರ, ಮಕ್ತಲ್ ದಾಟಿ ರಾಯಚೂರು, ಆಮೇಲೆ ಸಿಂಧನೂರು. ಊರಿನಿಂದ ಕಾರು ಕರೆಸುವುದಾದರೆ ಚಾಲಕ ಆ ದಿನ ಹಗಲು ನಿದ್ದೆ ಮಾಡಿರುವಂತೆ ನೋಡಿಕೊಳ್ಳಿ; ಅವನು ಬೆಳಗಿನಿಂದ ಬೇರೆ ಬಾಡಿಗೆ ಓಡಿಸಿ ಬಂದವನಾಗಿದ್ದರೆ ವಿಮಾನ ನಿಲ್ದಾಣದ ಬಳಿಯೇ ಉಳಿದು ಬೆಳಿಗ್ಗೆ ಹೊರಡಿ. ನೀವು ಮುಂಬೈನಲ್ಲಿರುವುದು ವಾರದ ಯಾವ ದಿನ, ಟಿಕೆಟ್‌ನಲ್ಲಿ ಯಾವ ನಿಲ್ದಾಣ ಎಂದು ಇಲ್ಲೇ ಕೆಳಗೆ ಬರೆದರೆ ಹೊತ್ತಿನ ಲೆಕ್ಕವನ್ನು ಇನ್ನಷ್ಟು ಹೊಂದಿಸಿ ಹೇಳುತ್ತೇನೆ.