ಫಿಜಿಯಾಲಜಿ ಓದೋಕೆ ಜೋಡಿ ಹೊಂದಿಸುವ ಆಟ ಆಡಿದರೆ ಪ್ರಯೋಜನ ಇದೆಯಾ?

ಮೊದಲ ಸಲ ಫಿಜಿಯಾಲಜಿ, ಅಂದರೆ ದೇಹ ಹೇಗೆ ಕೆಲಸ ಮಾಡುತ್ತದೆ ಅನ್ನುವ ವಿಷಯ ಓದುತ್ತಿದ್ದೀರಿ. ಪದಕ್ಕೆ ಅರ್ಥ ಜೋಡಿಸುವ ಆನ್‌ಲೈನ್ ಆಟಗಳು ಸಿಕ್ಕಿವೆ. ಅದನ್ನು ಆಡಿದರೆ ಓದಿದ ಹಾಗೆ ಆಗುತ್ತದಾ, ಇಲ್ಲ ಸುಮ್ನೆ ಟೈಂಪಾಸಾ ಅಂತ ಕೇಳಿದ್ದೀರಿ. ಓದಿದ ಹಾಗೆ ಆಗುತ್ತದೆ, ಆದರೆ ಅರ್ಧ ಮಾತ್ರ. ಉಳಿದರ್ಧ ನಿಂತಿರುವುದು ಆಟದ ಕಾರ್ಡುಗಳಲ್ಲಿ ನೀವು ಏನು ಬರೆಯುತ್ತೀರಿ ಅನ್ನುವುದರ ಮೇಲೆ.

ಕಾರ್ಡು ಮಾಡಿ ಓದುವ ಆಪ್ ಕ್ವಿಜ್ಲೆಟ್‌ನ ಮ್ಯಾಚ್ ಆಗಲಿ ಇನ್ಯಾವುದೇ ಆಗಲಿ, ಅದು ಶಾಲೆಯ ‘ಹೊಂದಿಸಿ ಬರೆಯಿರಿ’ಯೇ. ಪಕ್ಕದಲ್ಲಿ ಟೈಮರ್ ಓಡುತ್ತಿರುತ್ತದೆ ಅಷ್ಟೆ. ಶುರುವಿನಲ್ಲಿ ಇದು ನಿಜಕ್ಕೂ ಒಳ್ಳೆಯದು. ಈ ವಿಷಯದಲ್ಲಿ ಮೊದಲು ಹೆದರಿಸುವುದೇ ಹೆಸರುಗಳು, ಅಲ್ವಾ? ಇನ್ಸುಲಿನ್ ಮೇದೋಜೀರಕದ ಬೀಟಾ ಕೋಶದಿಂದ, ಗ್ಲುಕಗಾನ್ ಆಲ್ಫಾ ಕೋಶದಿಂದ, ಕೆಂಪು ರಕ್ತಕಣ ಹೆಚ್ಚಿಸುವ ಎರಿತ್ರೊಪೊಯೆಟಿನ್ ಕಿಡ್ನಿಯಿಂದ. ಇಂಥವಕ್ಕೆ ತರ್ಕ ಹುಡುಕುತ್ತಾ ಕೂತರೆ ಏನೂ ಸಿಗಲ್ಲ, ನಾಲಿಗೆಗೆ ರೂಢಿ ಆಗಬೇಕು, ಅದಕ್ಕೆ ಈ ಆಟ ಸಾಕು.

ತೊಂದರೆ ಏನಂದ್ರೆ ಉತ್ತರ ಕಣ್ಣೆದುರಿಗೇ ಇರುತ್ತದೆ. ಆರು ಜೋಡಿಯಲ್ಲಿ ಐದು ಹೊಂದಿಸಿದರೆ ಆರನೆಯದು ಪುಕ್ಕಟೆ. ಒಂದೇ ಸೆಟ್ಟನ್ನು ನಾಲ್ಕಾರು ಸಲ ಆಡಿದ ಮೇಲೆ ನಾವು ಓದುವುದನ್ನೇ ಬಿಟ್ಟು, ‘ಆ ಮೂರು ಸಾಲಿನ ಉದ್ದದ ಕಾರ್ಡು ಇದಕ್ಕೆ’ ಅಂತ ಆಕಾರ ನೋಡಿ ಒತ್ತುತ್ತೇವೆ. ಟೈಮ್ ಕಡಿಮೆಯಾಗುತ್ತಾ ಹೋಗುತ್ತದೆ, ಖುಷಿಯೂ ಆಗುತ್ತದೆ, ತಲೆಗೆ ಹೋದದ್ದು ಮಾತ್ರ ಅಷ್ಟಕ್ಕಷ್ಟೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಅನ್ನುವ ಮನೋವಿಜ್ಞಾನಿಗಳು ಮಾಡಿದ ಪ್ರಯೋಗ ಇಲ್ಲಿ ನೆನಪಿಗೆ ಬರುತ್ತದೆ. ಓದಿದ್ದನ್ನೇ ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು, ಒಂದು ವಾರದ ನಂತರ ಮುಂದಿದ್ದವರು ಪುಸ್ತಕ ನೋಡದೆ ನೆನಪಿನಿಂದ ಬರೆದು ಅಭ್ಯಾಸ ಮಾಡಿದವರು. ಗಮನಿಸಿ, ಅವರು ಬರೆದದ್ದು ಖಾಲಿ ಹಾಳೆಯ ಮೇಲೆ, ಎದುರಿಗಿದ್ದ ಉತ್ತರಗಳಲ್ಲಿ ಒಂದನ್ನು ಆರಿಸಿದ್ದಲ್ಲ.

ಹಾಗಾದರೆ ಏನು ಮಾಡಬೇಕು? ‘ಪದ–ಅರ್ಥ’ ಜೋಡಿ ಬಿಟ್ಟು ‘ಹೀಗಾದರೆ–ಏನಾಗುತ್ತದೆ’ ಜೋಡಿ ಮಾಡಿ. ಫಿಜಿಯಾಲಜಿಯ ಜೀವ ಇರುವುದೇ ಅಲ್ಲಿ.

ಕಿಡ್ನಿಯನ್ನೇ ತಗೊಳ್ಳಿ. ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ ಹೋಗುತ್ತದೆ, ಮೂತ್ರವಾಗಿ ಹೊರಬರುವುದು ಒಂದೆರಡು ಲೀಟರ್. ಉಳಿದದ್ದೆಲ್ಲ ನೆಫ್ರಾನಿನ (ಕಿಡ್ನಿಯೊಳಗಿನ ಸೋಸುವ ಸಣ್ಣ ನಳಿಕೆ) ದಾರಿಯಲ್ಲಿ ವಾಪಸ್ ರಕ್ತಕ್ಕೆ. ಎಲ್ಲರ ಸೆಟ್ಟಿನಲ್ಲೂ ‘ಎಡಿಎಚ್ – ನೀರು ಹೀರಿಸುವ ಹಾರ್ಮೋನ್’ ಅನ್ನುವ ಕಾರ್ಡು ಇರುತ್ತದೆ. ಅದರ ಬದಲು ಎಡಗಡೆ ಎರಡು ಕಾರ್ಡು ಇಡಿ: ‘ಎಡಿಎಚ್ ಬರುತ್ತಲೇ ಇಲ್ಲ’ ಮತ್ತು ‘ಸುಮ್ನೆ ವಿಪರೀತ ನೀರು ಕುಡಿದ’. ಇಬ್ಬರಿಗೂ ಮೂತ್ರ ಜಾಸ್ತಿ, ಇಬ್ಬರದೂ ತೆಳು. ಬಲಗಡೆ ಬರೀ ಮೂತ್ರ ಬರೆದರೆ ಎರಡೂ ಒಂದೇ ಆಗಿಬಿಡುತ್ತದೆ. ರಕ್ತದ ಸೋಡಿಯಂ ಬರೆದಾಗ ಮಾತ್ರ ಬೇರೆಯಾಗುತ್ತವೆ. ಮೊದಲನೆಯವನಲ್ಲಿ ಅದು ಮೇಲಕ್ಕೆ ಹೋಗುವ ಕಡೆ, ಎರಡನೆಯವನಲ್ಲಿ ಕೆಳಕ್ಕೆ. ಯಾಕೆ ಅಂತ ಯೋಚಿಸದೆ ಈ ಎರಡು ಕಾರ್ಡು ಹೊಂದಿಸೋಕೆ ಆಗಲ್ಲ, ನೋಡಿ.

ಇನ್ನೊಂದು. ‘ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ’ ಮತ್ತು ‘ಎಸ್‌ಜಿಎಲ್‌ಟಿ2 ತಡೆಯುವ ಮಾತ್ರೆ ತಗೊಂಡ ಆರೋಗ್ಯವಂತ’. (ಎಸ್‌ಜಿಎಲ್‌ಟಿ2 ಅಂದರೆ ಕಿಡ್ನಿಯಲ್ಲಿ ಗ್ಲುಕೋಸ್ ವಾಪಸ್ ಎತ್ತುವ ಪ್ರೋಟೀನ್.) ಇಬ್ಬರ ಮೂತ್ರದಲ್ಲೂ ಗ್ಲುಕೋಸ್ ಇದೆ. ಒಬ್ಬನಲ್ಲಿ ಸೋಸಿ ಬಂದ ಗ್ಲುಕೋಸ್ ವಾಪಸ್ ಎತ್ತುವ ಶಕ್ತಿಯನ್ನೇ ಮೀರಿಸಿದೆ, ಇನ್ನೊಬ್ಬನಲ್ಲಿ ಎತ್ತುವ ಬಾಗಿಲನ್ನೇ ಮುಚ್ಚಿದ್ದೇವೆ. ಹೀಗೆ ಅವಳಿಗಳಂತೆ ಕಾಣುವ ಕಾರ್ಡುಗಳು ಎಷ್ಟು ಜಾಸ್ತಿ ಇದ್ದರೆ ಅಷ್ಟು ಒಳ್ಳೆಯದು. ಜೊತೆಗೆ ಬಲಗಡೆ ಯಾವುದಕ್ಕೂ ಸೇರದ ಒಂದೆರಡು ಉತ್ತರ ಬೆರೆಸಿ, ಆಗ ಕೊನೆಯದು ಪುಕ್ಕಟೆ ಸಿಗಲ್ಲ. ಅದಕ್ಕೆ ಆಪ್ ಬಿಡದಿದ್ದರೆ ಕಾಗದದ ಚೀಟಿಯಲ್ಲೇ ಮಾಡಿಕೊಳ್ಳಿ.

ನಿಜ ಹೇಳಬೇಕಂದ್ರೆ ಆಡುವುದಕ್ಕಿಂತ ಈ ಕಾರ್ಡು ಬರೆಯುವಾಗಲೇ ಜಾಸ್ತಿ ಕಲಿಯುತ್ತೀರಿ. ಬೇರೆಯವರು ಮಾಡಿಟ್ಟ ಸೆಟ್ ಬಳಸಬೇಡಿ ಅನ್ನಲ್ಲ, ಆದರೆ ಪಠ್ಯಪುಸ್ತಕ ಪಕ್ಕದಲ್ಲಿರಲಿ. ‘ಎಡಿಎಚ್ ತಯಾರಾಗುವುದು ಪಿಟ್ಯುಟರಿಯಲ್ಲಿ’ ಅಂತ ಬರೆದ ಕಾರ್ಡುಗಳು ಕಣ್ಣಿಗೆ ಬೀಳುತ್ತಲೇ ಇರುತ್ತವೆ. ತಯಾರಾಗುವುದು ಹೈಪೊಥಲಾಮಸ್‌ನಲ್ಲಿ, ಪಿಟ್ಯುಟರಿಯ ಹಿಂಭಾಗ ಅದನ್ನು ಕೂಡಿಟ್ಟು ಬಿಡುಗಡೆ ಮಾಡುತ್ತದೆ ಅಷ್ಟೆ.

ಸರಣಿಯಾಗಿ ನಡೆಯುವ ವಿಷಯಕ್ಕೆ ಈ ಆಟ ಒಗ್ಗಲ್ಲ. ಥಟ್ಟನೆ ಎದ್ದು ನಿಂತಾಗ ಬಿಪಿ ಇಳಿಯುತ್ತದೆ, ಕುತ್ತಿಗೆಯ ಬ್ಯಾರೊರಿಸೆಪ್ಟರ್ (ಬಿಪಿ ಗಮನಿಸುವ ನರತುದಿ) ಮೆದುಳಿಗೆ ಸಿಗ್ನಲ್ ಕಳಿಸುವುದು ಕಡಿಮೆಯಾಗುತ್ತದೆ, ಅದರಿಂದ ದೇಹವನ್ನು ಚುರುಕುಗೊಳಿಸುವ ಸಿಂಪಥೆಟಿಕ್ ನರಗಳು ಕೆಲಸಕ್ಕಿಳಿಯುತ್ತವೆ, ಎದೆಬಡಿತ ಏರುತ್ತದೆ, ರಕ್ತನಾಳ ಬಿಗಿಯಾಗುತ್ತದೆ. ಬಿಪಿ ಇಳಿದರೆ ಸಿಗ್ನಲ್ ಜಾಸ್ತಿಯಾಗಬೇಕು ಅಂತ ಬಹಳ ಜನ ಅಂದುಕೊಂಡಿರುತ್ತಾರೆ, ಹಾಗಾಗಿ ಆ ಒಂದು ಕೊಂಡಿಗೆ ಬೇಕಾದರೆ ಕಾರ್ಡು ಮಾಡಿ, ಆದರೆ ಇಡೀ ಸರಪಳಿಯನ್ನು ಜೋಡಿ ಜೋಡಿಯಾಗಿ ಕತ್ತರಿಸಿದರೆ ಅದು ತಿರುಗಿ ಬಿಪಿಗೇ ಬಂದು ಸೇರುತ್ತದೆ ಅನ್ನೋದೇ ಕಳೆದುಹೋಗುತ್ತದೆ. ಇಂಥದ್ದಕ್ಕೆ ಕ್ರಮವಾಗಿ ಜೋಡಿಸುವ ಆಟ ಹುಡುಕಿ, ಅಥವಾ ಹಾಳೆಯ ಮೇಲೆ ಬಾಣ ಹಾಕುತ್ತಾ ಬರೆಯಿರಿ. ಹೃದಯದ ಬಡಿತದ ಹಂತಗಳಿಗೂ ಇದೇ ಮಾತು.

ಒಂದು ಸುತ್ತು ಆಡಿದ ಕೂಡಲೇ ಮೊಬೈಲ್ ಮಗುಚಿಟ್ಟು, ಯಾವುದಾದರೂ ಎರಡು ಜೋಡಿ ಯಾಕೆ ಹಾಗೆ ಅಂತ ಬಾಯಿಬಿಟ್ಟು ಹೇಳಿ ನೋಡಿ. ತಡವರಿಸಿದ ಕಾರ್ಡು ನಾಳೆಗೆ, ಸಲೀಸಾಗಿ ಬಂದದ್ದು ನಾಲ್ಕು ದಿನ ಬಿಟ್ಟು. ಟೈಮರ್ ಆಫ್ ಮಾಡೋಕೆ ಆದರೆ ಮಾಡಿಬಿಡಿ.

ಎಲ್ಲಿಂದ ಶುರು ಮಾಡಲಿ ಅಂದ್ರೆ, ಹಾರ್ಮೋನುಗಳಿಂದ. ಆಮೇಲೆ ಆಸಿಡ್-ಬೇಸ್, ಅಂದರೆ ರಕ್ತದ ಆಮ್ಲ-ಕ್ಷಾರದ ಸಮತೋಲನ. ಅದು ಈ ಆಟಕ್ಕೆ ಹೇಳಿ ಮಾಡಿಸಿದ ಹಾಗಿದೆ: ಒಂದು ಕಡೆ ಪಿಎಚ್ (ಆಮ್ಲತೆಯ ಅಳತೆ), ಕಾರ್ಬನ್ ಡೈಆಕ್ಸೈಡ್, ಬೈಕಾರ್ಬೊನೇಟ್ (ಆಮ್ಲವನ್ನು ತಗ್ಗಿಸುವ ಕ್ಷಾರ) ಮೂರರ ಏರಿಳಿತ, ಇನ್ನೊಂದು ಕಡೆ ‘ಉಸಿರಾಟ ತೀರಾ ನಿಧಾನ’, ‘ವಾಂತಿ ನಿಲ್ಲುತ್ತಿಲ್ಲ’, ‘ಭೇದಿ ಜಾಸ್ತಿ’, ‘ಗಾಬರಿಯಿಂದ ಏದುಸಿರು’. ರಕ್ತದ ಸಹಜ ಪಿಎಚ್ 7.35ರಿಂದ 7.45 ಅನ್ನೋದು ಗೊತ್ತಿದ್ದರೆ ಇವತ್ತೇ ಮಾಡಬಹುದು.