ನಾಲ್ವರ ಪ್ರಾಜೆಕ್ಟು, ಇಬ್ಬರ ದುಡಿಮೆ

ಪ್ರಶ್ನೆ: ಕಬ್ಬಿನ ಗದ್ದೆಯ ಹನಿ ನೀರಾವರಿ ನಿಯಂತ್ರಣ ನಮ್ಮ ಪ್ರಾಜೆಕ್ಟು. ನಾಲ್ವರಲ್ಲಿ ದುಡಿಯುವವರು ಇಬ್ಬರೇ. ಭಾಗಗಳು ಬಿಡಿಬಿಡಿಯಾಗಿ ಸರಿಯಿವೆ, ಜೋಡಿಸಿದರೆ ಕೈಕೊಡುತ್ತವೆ. ಒಬ್ಬಳೇ ಮಾಡುವುದು ವಾಸಿಯಲ್ಲವೇ?
— ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಬೇಡ. ಮೊದಲು ಜೋಡಣೆ ನೋಡೋಣ. ಇಂಥ ಪ್ರಾಜೆಕ್ಟುಗಳಲ್ಲಿ ಹೆಚ್ಚಾಗಿ ಇಎಸ್‌ಪಿ32 ಎಂಬ, ವೈಫೈ ಇರುವ ಪುಟ್ಟ ನಿಯಂತ್ರಕ ಬೋರ್ಡ್ ಇರುತ್ತದೆ. ಸೆನ್ಸರ್ ನೋಡಿಕೊಳ್ಳುವವರು ಅದನ್ನು 25ನೇ ಪಿನ್ನಿಗೆ ಕೊಟ್ಟು ಪರೀಕ್ಷಿಸುತ್ತಾರೆ, ರೀಡಿಂಗ್ ಚೆನ್ನಾಗಿ ಬರುತ್ತದೆ. ವೈಫೈ ಕೋಡ್ ಬರೆದವರದೂ ಸರಿಯೇ. ಎರಡನ್ನೂ ಕೂಡಿಸಿದೊಡನೆ ರೀಡಿಂಗ್ ನಿಲ್ಲುತ್ತದೆ, ಏಕೆಂದರೆ ಆ ಪಿನ್ನಿನ ವೋಲ್ಟೇಜನ್ನು ಅಂಕಿಯಾಗಿಸುವ ಎಡಿಸಿ2 ಘಟಕವನ್ನು ವೈಫೈ ತಾನೇ ಬಳಸಿಕೊಳ್ಳುತ್ತದೆ. ಸೆನ್ಸರನ್ನು 32ರಿಂದ 35ರೊಳಗಿನ ಎಡಿಸಿ1 ಪಿನ್ನಿಗೆ ಬದಲಿಸಿ. ವಾಲ್ವ್ ತೆರೆದಾಗ ಬೋರ್ಡ್ ರೀಸೆಟ್ ಆಗುತ್ತಿದ್ದರೆ ವಾಲ್ವಿಗೆ ಪ್ರತ್ಯೇಕ ಸಪ್ಲೈ ಕೊಡಿ. ಡಿಸಿ ಕಾಯಿಲ್ ಆಗಿದ್ದರೆ ಅದಕ್ಕೆ ಅಡ್ಡಲಾಗಿ ಡಯೋಡ್ ಹಾಕಿ.

ಇದರಲ್ಲಿ ಯಾರ ಕೆಲಸವೂ ಕೆಟ್ಟಿಲ್ಲ, ಇಬ್ಬರ ಕೆಲಸ ಕೂಡುವ ಜಾಗವನ್ನು ಯಾರೂ ಬರೆದಿಟ್ಟಿಲ್ಲ. ಯಾವ ಪಿನ್ ಯಾರದು, ಎಷ್ಟು ವೋಲ್ಟ್, ಎಷ್ಟು ಕರೆಂಟ್, ಯಾವ ಲೈಬ್ರರಿಯ ಯಾವ ಆವೃತ್ತಿ: ಎಲ್ಲವೂ ಒಂದೇ ಹಾಳೆಯಲ್ಲಿರಲಿ. ಜೋಡಣೆಯನ್ನು ಕೊನೆಗೆ ಉಳಿಸದೆ ವಾರಕ್ಕೊಮ್ಮೆ, ಅರೆಬರೆಯಾದರೂ ಸರಿ, ಮಾಡಿನೋಡಿ.

ಇನ್ನು ದುಡಿಯದ ಇಬ್ಬರು. ಹಗ್ಗ ಎಳೆಯುವವರು ಹೆಚ್ಚಿದಂತೆ ತಲಾ ಎಳೆತ ಕುಗ್ಗುವುದನ್ನು ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮನ್ 1913ರಲ್ಲೇ ಅಳೆದು ಪ್ರಕಟಿಸಿದ್ದರು. ಪಾಲು ಕಣ್ಣಿಗೆ ಬೀಳದಿದ್ದರೆ ಕೈ ಸಡಿಲವಾಗುತ್ತದೆ. ಹಾಗಾಗಿ ಗೈಡ್ ಬಳಿ ಹೋಗಿ, ದೂರು ಹೇಳುವ ಬದಲು ಈ ಲೆಕ್ಕ ಕೇಳಿ. ಪ್ರತಿಯೊಬ್ಬರೂ ಉಳಿದವರಿಗೆ ಗುಟ್ಟಾಗಿ 5ಕ್ಕೆ ಅಂಕ ಕೊಡಬೇಕು. ಸರಾಸರಿಗಳು 4.5, 4.5, 4.2, 2.8 ಬಂದವೆನ್ನಿ, ತಂಡದ ಸರಾಸರಿ 4. ಪ್ರಾಜೆಕ್ಟಿಗೆ 80 ಅಂಕವಾದರೆ 2.8 ಪಡೆದವರಿಗೆ 80ರ 0.7 ಪಾಲು (2.8 ÷ 4), ಅಂದರೆ 56. ಸರಾಸರಿಗಿಂತ ಮೇಲಿರುವವರ ಪಾಲಿಗೆ 1.05ರ ಮಿತಿ ಹಾಕಿದರೆ ಅವರಿಗೆ 84. ಮಿತಿಯಿಲ್ಲದಿದ್ದರೆ ಗೆಳೆಯರು ಪರಸ್ಪರ ಅಂಕ ಏರಿಸಿಕೊಳ್ಳುವ ಆಸೆ ಹುಟ್ಟುತ್ತದೆ. ಇದು ಸೆಮಿಸ್ಟರ್ ನಡುವೆ ಒಮ್ಮೆ ಆಗಲೇಬೇಕು. ಕೊನೆಯಲ್ಲಷ್ಟೇ ಮಾಡಿದರೆ ಅದು ಬರೀ ಶಿಕ್ಷೆ, ತಿದ್ದಿಕೊಳ್ಳಲು ಸಮಯವೇ ಇರುವುದಿಲ್ಲ.

ಪ್ರಶ್ನೆ: ಲ್ಯಾಬಿನಲ್ಲಿ ಮೂವರ ಬ್ಯಾಚು, ಪರೀಕ್ಷೆಯಲ್ಲಿ ಸರ್ಕ್ಯೂಟ್ ಕಟ್ಟಲು ಬರುವುದು ಒಬ್ಬರಿಗೇ. ಏನು ಮಾಡಲಿ?
— ಉಪನ್ಯಾಸಕರು, ಮೈಸೂರು

ಉತ್ತರ: ಕಟ್ಟುವುದು, ಅಳೆಯುವುದು, ಬರೆಯುವುದು ಪ್ರತಿ ಪ್ರಯೋಗಕ್ಕೂ ಸರದಿಯಂತೆ ಬದಲಾಗಲಿ. ನೋಡುತ್ತ ನಿಂತವರಿಗೆ 741ರ (ಸಿಗ್ನಲ್ ವರ್ಧಿಸುವ ಆಪ್-ಆಂಪ್ ಚಿಪ್) ಸರ್ಕ್ಯೂಟ್ ಚಿತ್ರ ಬಾಯಿಪಾಠ ಇರುತ್ತದೆ, 7 ಮತ್ತು 4ನೇ ಪಿನ್ನಿಗೆ ಸಪ್ಲೈ ಕೊಡಬೇಕೆಂಬುದು ಮಾತ್ರ ಹೊಳೆಯುವುದಿಲ್ಲ. ಎಷ್ಟೋ ಚಿತ್ರಗಳಲ್ಲಿ ಅದನ್ನು ಬರೆದೇ ಇರುವುದಿಲ್ಲ. ಸಹಿ ಹಾಕುವ ಮುನ್ನ ಎರಡು ವೈರ್ ಕಿತ್ತು, ಅಂದು ಕಟ್ಟದವರ ಕೈಯಲ್ಲಿ ಮತ್ತೆ ಹಾಕಿಸಿ.